ತಮ್ಮನ ಪೈಲ್ವಾನರು

ನಮ್ಮದಲ್ಲದ ಸಾಮಾನನ್ನು ಕೊಡುವಾಗ ಬರುವ ಧಾರಾಳತನ ಸ್ವಂತದ್ದನ್ನು ಕೊಡುವಾಗ ಯಾಕೋ ಬರುವುದಿಲ್ಲ. ಇದನ್ನು ನಾನು ಯಾರನ್ನೋ ಚುಚ್ಚಲು ಹೇಳುತ್ತಿಲ್ಲ, ನನ್ನ ಮೇಲೇ ಹೇಳಿಕೊಳ್ಳುತ್ತಿದ್ದೇನೆ. ಮಧುಗಿರಿ, ಕೊರಟಗೆರೆ ಕಡೆ ನನ್ನನ್ನು ಧಾರಾಳಿ ಮೇಸ್ತ್ರಿ ಎನ್ನುತ್ತಾರೆ. ಗಾರೆ ಕೆಲಸಕ್ಕೆ ಒಪ್ಪಿಕೊಂಡ ಮನೆಗೆ ದೃಷ್ಟಿಬೊಂಬೆಯನ್ನು ನಾನೇ ತಂದು ಕಟ್ಟುತ್ತೇನೆ, ಮಾಲೀಕರನ್ನು ಅದಕ್ಕೆ ಏನೂ ಕೇಳುವುದಿಲ್ಲ, ಅದಕ್ಕೇ ಆ ಹೆಸರು. ಆ ಬೊಂಬೆಗಳು ನನ್ನ ತಮ್ಮ ಮಂಜನವು, ಅವನನ್ನು ಕೇಳದೆ ತಂದವು ಎಂಬುದು ಮಾತ್ರ ಯಾವ ಮಾಲೀಕರಿಗೂ ಗೊತ್ತಿರಲಿಲ್ಲ. ಮಂಜನಿಗೂ ಗೊತ್ತಿರಲಿಲ್ಲ. ಮೂರು ವಾರದ ಹಿಂದೆ ಅವನ ಫೋನು ಬಂದಾಗಿನಿಂದ ನಾನು ಒಂದು ಕಡೆ ನೆಟ್ಟಗೆ ಕೂತಿಲ್ಲ. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಯಾಕೆ ಎದ್ದೆ ಎಂದು ಮರೆಯುತ್ತದೆ. ಮೊನ್ನೆ ಒಂದೇ ಗೋಡೆಗೆ ನಾಲ್ಕು ಸಲ ತೂಕದ ಗುಂಡು ಬಿಟ್ಟು ನೋಡಿದೆ. ಗೋಡೆ ನೆಟ್ಟಗೇ ಇತ್ತು. ನೆಟ್ಟಗಿಲ್ಲದವನು ನಾನು.

ಮೊದಲು ಬೊಂಬೆಗಳ ಕಥೆ ಹೇಳಿಬಿಡುತ್ತೇನೆ. ನಾವು ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಒಬ್ಬ ಮೇಷ್ಟ್ರ ಮನೆಯಲ್ಲಿ. ಅವರ ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ನಾವಿಬ್ಬರೂ ಅಮೆರಿಕದ ಕುಸ್ತಿ ನೋಡುತ್ತಿದ್ದೆವು. ಮನೆಗೆ ಬಂದಾಗ ಕೆನ್ನೆಯ ಮೇಲೆ ಸರಳಿನ ಗೆರೆ ಎದ್ದಿರುತ್ತಿತ್ತು. ಅಲ್ಲಿ ಮಾತಾಡುವ ಇಂಗ್ಲಿಷು ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೆ ಕುರ್ಚಿಯಲ್ಲಿ ಬೆನ್ನಿಗೆ ಹೊಡೆದರೆ ಯಾವ ಭಾಷೆಯಾದರೇನು? ಗರಡಿಮನೆಯಲ್ಲಿ ಸಾಮು ಮಾಡಿದ್ದ ನಮ್ಮ ತಾತ ಒಂದು ದಿನ ನಮ್ಮ ಹಿಂದೆ ನಿಂತು ನೋಡಿದ. ಗುಡುಗಿದಂತೆ ಅರಚಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಆ ಧಡಿಯರನ್ನು ಕಂಡು, "ಲೇ, ಇವ್ನ ಮೈಗೆ ಮಣ್ಣೇ ಅಂಟಿಲ್ವಲ್ಲಾ, ಇದೆಂಥ ಕುಸ್ತಿಲಾ?" ಅಂದ. ಮಂಜ ಮೂರು ದಿನ ತಾತನ ಜೊತೆ ಮಾತು ಬಿಟ್ಟಿದ್ದ.

ಆ ಕುಸ್ತಿಯವರ ಬೊಂಬೆಗಳು ಸಿಗುತ್ತಿದ್ದದ್ದು ಸಿರಾದ ಖಲೀಲಣ್ಣನ ಫ್ಯಾನ್ಸಿ ಅಂಗಡಿಯಲ್ಲಿ. ಮೊದಮೊದಲು ಬಂದವು ಇಡೀ ಮೈಯೆಲ್ಲ ಒಂದೇ ರಬ್ಬರು, ಹಿಸುಕಿದರೆ ಕುಯ್ ಅನ್ನುತ್ತಿದ್ದವು. ಆಮೇಲೆ ಕೈ ಎತ್ತುವವು ಬಂದವು. ಕೊನೆಗೆ ಮೊಣಕೈ ಮಡಚುವವು, ಸೊಂಟಕ್ಕೆ ಬಂಗಾರದ ಬಣ್ಣದ ಪಟ್ಟಿ ಕಟ್ಟಿಕೊಂಡವು. ಒಬ್ಬನ ತಲೆ ಇನ್ನೊಬ್ಬನ ಮೈಗೆ ಕೂರಿಸಿದ ನಕಲಿಗಳೂ ಇರುತ್ತಿದ್ದವು. ಖಲೀಲಣ್ಣ ಎಲ್ಲಕ್ಕೂ ಒಂದೇ ಮಾತು ಹೇಳುತ್ತಿದ್ದ: "ಅಸ್ಲೀ ಮಾಲು ಕಣೋ ತಮ್ಮಾ! ಕೈ ತಿರುಗುತ್ತೆ, ಸೊಂಟ ತಿರುಗುತ್ತೆ. ನಸೀಬು ಚೆನ್ನಾಗಿದ್ರೆ ಕತ್ತೂ ತಿರುಗುತ್ತೆ!" ಮಂಜನ ನಸೀಬಿಗೆ ಎರಡರ ಕತ್ತು ತಿರುಗಿ ಕೈಗೇ ಬಂದಿತ್ತು. ಹೊಂಗೆ ಬೀಜ ಆರಿಸಿ ಮಾರಿ, ಹುಣಸೆಹಣ್ಣು ಬಡಿಯುವ ಮನೆಗಳಲ್ಲಿ ಬೀಜ ಬಿಡಿಸಿ, ವರ್ಷಗಟ್ಟಲೆ ಕೂಡಿಸಿ ಅವನು ಹನ್ನೊಂದು ಪೈಲ್ವಾನರನ್ನು ಜೋಡಿಸಿದ. ಅವರ ನಿಜವಾದ ಹೆಸರು ನಮ್ಮ ನಾಲಿಗೆಗೆ ಹೊರಳದೆ ನಾವೇ ನಾಮಕರಣ ಮಾಡಿದ್ದೆವು. ಬೋಳ, ಕೆಂಚ, ಮುಸುಕಪ್ಪ, ಕೆಂಪು ಚಡ್ಡಿ. ಎಲ್ಲರಿಗಿಂತ ದೊಡ್ಡವನು, ಸೊಂಟದವರೆಗೆ ಕೂದಲು ಬಿಟ್ಟು ಹುಬ್ಬು ಗಂಟಿಕ್ಕಿದವನು, ಜಡೆಮುನಿ.

ಜಡೆಮುನಿಯನ್ನು ತಂದುಕೊಟ್ಟವನು ನಾನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗಾರೆ ಕೆಲಸಕ್ಕೆ ಹೋದೆನಲ್ಲ, ಮೊದಲ ವಾರದ ಬಟವಾಡೆಯಲ್ಲಿ ಸಿರಾ ಬಸ್ಸು ಹತ್ತಿ ಹೋಗಿ ತಂದೆ. ಸಿಮೆಂಟು ತಿಂದು ಬಿರಿದ ಕೈಯಲ್ಲೇ ಅವನಿಗೆ ಕೊಟ್ಟೆ. ಅವನು ಬೊಂಬೆ ನೋಡಲಿಲ್ಲ, ಮೊದಲು ನನ್ನ ಕೈ ನೋಡಿದ. ಈ ಒಂದು ವಿಷಯವನ್ನು ನಾನು ಹೇಳಿಕೊಳ್ಳಬಾರದಿತ್ತು. ಮುಂದೆ ನನ್ನ ತಲೆಯೊಳಗೆ "ಜಡೆಮುನಿ ನಾನು ತಂದದ್ದೇ ತಾನೇ" ಎಂಬ ಹುಳ ಹೊಕ್ಕಿದ್ದು ಇಲ್ಲಿಂದಲೇ.

ಮಂಜ ಐಟಿಐ ಓದಲು ತುಮಕೂರಿಗೆ ಹೋಗುವಾಗ ಪೈಲ್ವಾನರನ್ನೆಲ್ಲ ಹಳೇ ಬಟ್ಟೆಯಲ್ಲಿ ಸುತ್ತಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಮಲಗಿಸಿ, ಬೀಗ ಹಾಕಿ, ಬೀಗದ ಕೈಯನ್ನು ದೇವರ ಪಟದ ಹಿಂದೆ ಇಟ್ಟು, "ಅಣ್ಣ, ನೋಡ್ಕೋ" ಅಂದು ಹೋದ. ನಂಬಿಕೆ ಇಲ್ಲದಿದ್ದರೆ ಬೀಗದ ಕೈಯನ್ನು ಜೊತೆಯಲ್ಲೇ ಒಯ್ಯುತ್ತಿದ್ದ. ಬೊಂಬೆ ಬಂದ ರಟ್ಟಿನ ಅಟ್ಟೆಗಳನ್ನೂ ಜೋಪಾನವಾಗಿ ತಳದಲ್ಲಿ ಹಾಸಿದ್ದ. ಆ ಅಟ್ಟೆಗಳನ್ನು ನಾನು ಬಾಗಿಲ ಚೌಕಟ್ಟಿನ ಸಂದಿಗೆ ಮಡಚಿ ತುರುಕಿದ ವಿಷಯ ಬೇರೆ. ಅದನ್ನು ಅವನಿಗೆ ಇನ್ನೂ ಹೇಳಿಲ್ಲ.

ಆಗ ನಾನು ಸ್ವಂತವಾಗಿ ಹಿಡಿದ ಮೊದಲ ಮನೆ ಹೊಳವನಹಳ್ಳಿಯಲ್ಲಿ. ಸಿದ್ದಗಂಗಮ್ಮ ಎಂಬ ಮುದುಕಿಯದು. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಬಸ್ ಸ್ಟಾಪಿನ ಎದುರಿಗೇ ಮನೆ, ಬಸ್ಸಿಗೆ ಕಾಯುವವರಿಗೆ ಬೇರೆ ಕೆಲಸವಿಲ್ಲ, ನೋಡುತ್ತಾ ನಿಲ್ಲುತ್ತಿದ್ದರು. "ಮೇಸ್ತ್ರಿ, ಇವ್ರ ಕಣ್ಣಿಗೆ ನನ್ ಮನೆ ಬಿರುಕು ಬಿಡ್ತದೆ. ಏನಾರ ಕಟ್ಟಪ್ಪ" ಅಂತ ಆಕೆಯದು ಒಂದೇ ವರಾತ. ಸಂತೆಯಲ್ಲಿ ನಾಲಿಗೆ ಚಾಚಿದ ರಾಕ್ಷಸನ ಮುಖ ಮುಗಿದುಹೋಗಿತ್ತು. ಕುಂಬಳಕಾಯಿಗೆ ಕಣ್ಣು ಮೂಗು ಬರೆದು ಕಟ್ಟಿದರೆ ಕೋತಿ ಬಿಡಲಿಲ್ಲ. ಆಗ ನೆನಪಾದದ್ದು ಜಡೆಮುನಿಯ ಗಂಟಿಕ್ಕಿದ ಹುಬ್ಬು. ಗೃಹಪ್ರವೇಶದವರೆಗೆ, ಹೆಚ್ಚೆಂದರೆ ಎರಡು ತಿಂಗಳು, ಆಮೇಲೆ ತಂದು ಪೆಟ್ಟಿಗೆಯಲ್ಲಿ ಮಲಗಿಸಿದರೆ ಯಾರಿಗೆ ಗೊತ್ತಾಗುತ್ತದೆ? ಸೊಂಟಕ್ಕೆ ಕಂಬಿ ಕಟ್ಟಿ, ಮುಖಕ್ಕೆ ಮಸಿ ಬಳಿದು, ಸುಣ್ಣದ ಚುಕ್ಕೆಯಿಟ್ಟು ಬಾಗಿಲ ಮೇಲೆ ಚಾಚಿದ ಸಜ್ಜಾದ ಕೆಳಗೆ ತಲೆಕೆಳಗಾಗಿ ನೇತು ಹಾಕಿದೆ. ನಿಜ ಹೇಳುತ್ತೇನೆ, ನನಗೇ ಭಯವಾಯಿತು.

ಎಡವಟ್ಟಾದದ್ದು ಗೃಹಪ್ರವೇಶದ ಹಿಂದಿನ ದಿನ. "ನಾಳೆ ಜಡೆಮುನೀನ ವಾಪಸ್ ತರ್ತೀನಿ" ಎಂದು ಹೆಂಡತಿ ಪುಟ್ಟಮ್ಮನಿಗೆ ಬಾಯಿ ತಪ್ಪಿ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಏನ್ರೀ? ಎರಡು ತಿಂಗಳಿಂದ ಊರೋರ ಕಣ್ಣೆಲ್ಲ ಹೀರ್ಕೊಂಡಿರೋ ಬೊಂಬೇನ ಮನೆ ಒಳಕ್ಕೆ ತರ್ತೀರಾ? ಅದು ಒಳಕ್ಕೆ ಬಂದ್ರೆ ನಾನು ಹೊರಕ್ಕೆ ಹೋಗ್ತೀನಿ!"

ಹೌದಲ್ಲ! ಬೇರೆ ಮೇಸ್ತ್ರಿಗಳ ಕೈಕೆಳಗೆ ಎಷ್ಟೋ ಮನೆಗೆ ದೃಷ್ಟಿಬೊಂಬೆ ಕಟ್ಟಿದ್ದ ನನಗೆ ಇದು ಹೊಳೆದಿರಲಿಲ್ಲ. ದೃಷ್ಟಿ ತಗುಲಿದ ಬೊಂಬೆಯನ್ನು ಮೂರು ದಾರಿ ಕೂಡುವಲ್ಲಿ ಬಿಸಾಡಬೇಕು, ಇಲ್ಲವೇ ಕಟ್ಟಿದಲ್ಲೇ ಬಿಡಬೇಕು. ಮನೆಗೆ ತರುವ ಹಾಗೇ ಇಲ್ಲ. ನಾನು ಇಂಥದ್ದನ್ನೆಲ್ಲ ಅರ್ಧ ನಂಬುವವನು, ಅರ್ಧ ನಗುವವನು. ಆದರೆ ಅವತ್ತು ನಗುವ ಅರ್ಧ ಎಲ್ಲೋ ಹೋಗಿತ್ತು. ಜಡೆಮುನಿ ಹೊಳವನಹಳ್ಳಿಯಲ್ಲೇ ಉಳಿದ. ಒಂದು ಹೋದ ಮೇಲೆ ಪೆಟ್ಟಿಗೆ ಹೇಗೂ ಊನವಾಯಿತಲ್ಲ ಎಂದು, ಸಿರಾದ ಮನೆಗೆ ಮುಸುಕಪ್ಪ ಹೋದ, ಕೊರಟಗೆರೆಗೆ ಕೆಂಪು ಚಡ್ಡಿ ಹೋದ. ಮಾಲೀಕರು ಹೊಗಳಿದರು, "ನಿನ್ ಬೊಂಬೆ ಕಟ್ಟಿದ್ರೆ ಒಂದು ಇಟ್ಟಿಗೆ ಅಲ್ಲಾಡಲ್ಲ ಕಣ್ ಮೇಸ್ತ್ರಿ" ಅಂದರು. ಹೊಗಳಿಕೆ ಕೇಳಿದವನ ಕೈ ಪೆಟ್ಟಿಗೆ ಬಿಟ್ಟು ಎಲ್ಲಿಗೆ ಹೋಗುತ್ತದೆ? ವರ್ಷಗಳಲ್ಲಿ ಹನ್ನೊಂದು ಜನರಲ್ಲಿ ಒಂಬತ್ತು ಜನ ಸೊಂಟಕ್ಕೆ ಕಂಬಿ ಕಟ್ಟಿಸಿಕೊಂಡು ಕೆಲಸಕ್ಕೆ ಹಾಜರಾದರು.

ಇಷ್ಟಾದ ಮೇಲೆ ಮಂಜನ ಫೋನು. ಅವನೀಗ ಕ್ಯಾತಗಾನಚೆರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಎಲೆಕ್ಟ್ರಿಷಿಯನ್ನು, ಮನೆ ಪಾವಗಡದಲ್ಲಿ. ಹಳೇ ಕುಸ್ತಿಬೊಂಬೆ ಕೂಡಿಡುವವರ ಗುಂಪೊಂದು ಫೋನಿನಲ್ಲಿ ಅವನಿಗೆ ಸಿಕ್ಕಿದೆಯಂತೆ. ದೊಡ್ಡ ದೊಡ್ಡ ಊರಿನವರು, ಮೀಸೆ ನರೆತವರು, ತಮ್ಮ ಬೊಂಬೆಗಳ ಫೋಟೋ ಹಾಕಿ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಾರಂತೆ.

"ಅಣ್ಣ, ಗಾಜಿನ ಬಾಗಿಲಿಂದು ಬೀರು ಮಾಡ್ಸಿವ್ನಿ. ಒಳಗೆ ಲೈಟ್ ಬೇರೆ ಹಾಕಿವ್ನಿ. ನಮ್ ಪೈಲ್ವಾನ್ರು ಹೆಂಗವ್ರೆ?"

"ಅವ್ರಿಗೇನ್ಲಾ, ಚೆನ್ನಾಗವ್ರೆ."

"ಜಡೆಮುನಿ?"

"ಅವ್ನೂ... ಗಾಳಿ ಬೆಳಕಲ್ಲಿ ಚೆನ್ನಾಗವ್ನೆ."

"ಬರೋ ತಿಂಗಳು ಮೊದಲ್ನೇ ಭಾನುವಾರ ಬಂದು ಎಲ್ರನ್ನೂ ಕರ್ಕೊಂಡೋಗ್ತೀನಿ" ಅಂದು ಫೋನಿಟ್ಟ.

ಮಾರನೇ ದಿನದಿಂದ ಬೈಕಿಗೂ ನನಗೂ ವಿಶ್ರಾಂತಿಯಿಲ್ಲ. ಕರಣೆಯನ್ನು ಕೆಲಸದವರ ಕೈಗೆ ಕೊಟ್ಟು ಹೊರಟೆ. ಸಿರಾದವರು ಮುಸುಕಪ್ಪನನ್ನು ಶಾಸ್ತ್ರದ ಪ್ರಕಾರ ಮೂರು ದಾರಿಯಲ್ಲಿ ಬಿಸಾಡಿದ್ದರು. ಕೊರಟಗೆರೆಯ ಕೆಂಪು ಚಡ್ಡಿಯನ್ನು ಕೋತಿ ಎತ್ತಿಕೊಂಡು ಹೋಗಿತ್ತು. ಮರಿಯ ಹಾಗೆ ಎದೆಗವಚಿಕೊಂಡು ಬೆಟ್ಟ ಹತ್ತಿತು ಎಂದು ಆ ಮನೆಯವರು ಖುಷಿಯಾಗಿ ಹೇಳಿದರು. ನಾಗಲಮಡಿಕೆಯ ಮಾಲೀಕ ಜಗುಲಿಯಿಂದ ಏಳದೆಯೇ, "ಆ ಬೊಮ್ಮನಾ? ಅದಿ ಎಪ್ಪುಡೋ ಪೋಯಿಂದಿ ಮೇಸ್ತ್ರೀ" ಅಂದ. ಯಾವತ್ತೋ ಹೋಯಿತಂತೆ. ಮಿಕ್ಕವರದೂ ಇದೇ ಪಾಡು. ಹೊಳವನಹಳ್ಳಿಯಲ್ಲಿ ಜಡೆಮುನಿ ಮಾತ್ರ ಇನ್ನೂ ನೇತಾಡುತ್ತಿದ್ದ. ಆದರೆ ಸಿದ್ದಗಂಗಮ್ಮ ಕೋಲು ಹಿಡಿದು ಅಡ್ಡ ನಿಂತಳು. "ಅದ್ರ ಮೈಮೇಲೆ ಕೈ ಹಾಕಿದ್ರೆ ನೋಡು. ಮನೆ ಕಟ್ಟಿದ್ದು ನೀನು, ಕಾಯ್ತಾ ಇರೋದು ಅದು." ಸಜ್ಜಾಕ್ಕೆ ಸುಣ್ಣ ಹೊಡೆಯಬೇಕಿತ್ತು ಎಂದು ಸುಳ್ಳು ಹೇಳಿದೆ. "ಅದ್ರ ಸುತ್ತ ಹೊಡಿ" ಅಂದಳು.

ಭಾನುವಾರ ಬೆಳಿಗ್ಗೆ ಮಂಜ ಬಂದ. ಹಳೇ ಟವೆಲ್ಲುಗಳನ್ನು ತುಂಬಿಕೊಂಡ ದೊಡ್ಡ ರಟ್ಟಿನ ಡಬ್ಬ ತಂದಿದ್ದ, ಬಸ್ಸಿನ ಕುಲುಕಾಟಕ್ಕೆ ಪೈಲ್ವಾನರ ಮೈಗೆ ನೋವಾಗಬಾರದಲ್ಲ. ಕಾಫಿಯನ್ನೂ ಕುಡಿಯದೆ ಅಟ್ಟ ಹತ್ತಿದ. ಪೆಟ್ಟಿಗೆಯಲ್ಲಿ ಬೋಳ ಇದ್ದ, ಒಂಟಿಕಾಲಿನ ಕೆಂಚ ಇದ್ದ. ಅಷ್ಟೇ.

"ಅಣ್ಣ, ಮಿಕ್ಕೋರೆಲ್ಲಿ?"

ಏಣಿಯ ಕೆಳಗೆ ನಿಂತು, ಮೇಲೆ ನೋಡಲಾಗದೆ, ಏಣಿಯ ಮೆಟ್ಟಿಲಿಗೆ ಎಲ್ಲವನ್ನೂ ಹೇಳಿದೆ. ಮೇಲೆ ಪೆಟ್ಟಿಗೆಯ ಮುಚ್ಚಳ ಮುಚ್ಚಿದ ಸದ್ದಾಯಿತು. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕೇಳಿದ್ದು ಒಂದೇ, "ಜಡೆಮುನಿ?"

"ಹೊಳವನಹಳ್ಳೀಲವ್ನೆ."

"ಅವ್ನೆ ಅಂದ್ರೆ?"

"ಇನ್ನೂ ನೇತಾಡ್ತಾವ್ನೆ."

"ಗಾಡಿ ತೆಗಿ."

ದಾರಿಯುದ್ದಕ್ಕೂ ಹಿಂದೆ ಕೂತವನು ನನ್ನ ಹೆಗಲ ಮೇಲೆ ಕೈ ಇಡಲಿಲ್ಲ, ಸೀಟಿನ ಕಂಬಿ ಹಿಡಿದುಕೊಂಡಿದ್ದ. ಮನೆ ಮುಂದೆ ಇಳಿದು ಕತ್ತೆತ್ತಿ ನೋಡಿದ. ಬಿಸಿಲು ತಿಂದು ಜಡೆಮುನಿ ಬೆಳ್ಳಗಾಗಿದ್ದ. ಜಡೆಯ ಬಣ್ಣ ಹೋಗಿತ್ತು, ಒಂದು ಕೈ ಇರಲಿಲ್ಲ, ಕೊರಳಿಗೆ ಬಿಗಿದ ನಿಂಬೆಹಣ್ಣು ಮೆಣಸಿನಕಾಯಿಯ ಹಾರ. ಹುಬ್ಬು ಮಾತ್ರ ಹಾಗೇ ಗಂಟಿಕ್ಕಿತ್ತು, ಅದೂ ಈಗ ನನ್ನ ಕಡೆಗೇ. ಸಿದ್ದಗಂಗಮ್ಮ ಕೋಲೂರಿಕೊಂಡು ಹೊರಗೆ ಬಂದಳು.

"ಇವ್ನು ನನ್ ತಮ್ಮ ಕಣಮ್ಮ, ಮಂಜ" ಅಂದೆ.

"ಓಹೋ! ಬೊಂಬೆ ಕೊಟ್ಟ ಪುಣ್ಯಾತ್ಮ ನೀನೇನಪ್ಪ?" ಎಂದು ಮುದುಕಿ ಅವನ ಗಲ್ಲ ಹಿಡಿದಳು. "ಅವತ್ತು ನಾನು ಬ್ಯಾಡ ಅಂದೆ ಕಣಪ್ಪ. ಇನ್ನೊಬ್ರು ಆಸೆಪಟ್ಟಿದ್ದನ್ನ ಕಿತ್ಕಂಡು ಬಂದು ಮನೆಗೆ ಕಟ್ಟಿದ್ರೆ ಅವ್ರ ಹೊಟ್ಟೆ ಉರಿ ತಟ್ತದೆ ಅಂದೆ. ನಿಮ್ಮಣ್ಣ ದೇವ್ರಾಣೆ ಮಾಡ್ದ. ನನ್ ತಮ್ಮನೇ ಕೈಯಾರೆ ಕೊಟ್ಟು ಕಳ್ಸವ್ನೆ, ಆ ಅಜ್ಜಿ ಮನೆ ತಣ್ಣಗಿರ್ಲಿ ಅಂದವ್ನೆ ಅಂದ. ನನ್ ಮಗ ಮಾಳಿಗೆಯಿಂದ ಬಿದ್ದಾಗ ಒಂದು ಗೀರೂ ಆಗ್ಲಿಲ್ಲ ಕಣಪ್ಪ, ಅವತ್ತೇ ಆ ಬೊಂಬೆ ಕೈ ಉದುರೋಯ್ತು. ಅವ್ನಿಗೆ ಬರೋದನ್ನ ತಾನು ತಗೊಂಡ್ತು. ನೀನೇ ತಾನೇನಪ್ಪ ಕೊಟ್ಟಿದ್ದು?"

ದೇವರಾಣೆ ಮಾಡಿದ್ದು ನನಗೆ ನೆನಪೇ ಇರಲಿಲ್ಲ. ಈಗ ನೆನಪಾಯಿತು. ಮಂಜ ಇಲ್ಲ ಅಂದರೆ ಮುದುಕಿ ಇಷ್ಟು ವರ್ಷ ನೆಮ್ಮದಿಯಾಗಿ ಮಲಗಿದ ಮನೆ ಆ ಕ್ಷಣದಿಂದ ಅವಳಿಗೆ ಮುಳ್ಳಾಗುತ್ತದೆ. ಹೌದು ಅಂದರೆ ಜಡೆಮುನಿ ಅವನ ಪಾಲಿಗೆ ಇಲ್ಲಿಗೇ ಮುಗಿದ. ಅವನು ಬೊಂಬೆ ನೋಡಿದ, ಮುದುಕಿಯ ಮುಖ ನೋಡಿದ, ನನ್ನನ್ನು ನೋಡಲಿಲ್ಲ.

"ಹೂಂ ಕಣಜ್ಜಿ" ಅಂದ. "ನಾನೇ ಕೊಟ್ಟಿದ್ದು."

ಮುದುಕಿ ಒಳಗೆ ಹೋಗಿ ಹುರಿದ ಕಡಲೆಕಾಯಿ, ಬೆಲ್ಲ ತಂದು ಅವನ ಮುಂದೆ ಸುರಿದಳು. ನನಗೂ ಕೊಟ್ಟಳು, ಜೇಬಿಗೆ ಹಾಕಿಕೊಂಡೆ. ಮಂಜ ಫೋನು ತೆಗೆದು ಜಡೆಮುನಿಯದು ಒಂದು ಫೋಟೋ ಹೊಡೆದುಕೊಂಡ. ಆಮೇಲೆ ಎದುರಿನ ಬಸ್ ಸ್ಟಾಪಿನ ಹತ್ತಿರ ಟೀ ಕುಡಿಯುವಾಗ ಅವನಾಗಿ ಬಾಯಿ ಬಿಟ್ಟ.

"ಅಣ್ಣ, ಪಾವಗಡದಲ್ಲಿ ಸೈಟು ತಗೊಂಡಿವ್ನಿ. ಗಾರೆ ಕೆಲಸ ನೀನೇ ಮಾಡ್ಬೇಕು."

"ಮಾಡ್ತೀನಿ ಕಣ್ಲಾ!" ಅಂದೆ. ಖುಷಿಗೆ ಲೋಟ ಅಲುಗಿ ಟೀ ಅಂಗಿಯ ಮೇಲೆ ಚೆಲ್ಲಿತು. "ಪಾಯದಿಂದ ಹಿಡಿದು ಎಲ್ಲಾ ನಂದೇ. ದೃಷ್ಟಿಗೆ ಏನಾರ ಒಂದು..." ಎಂದು ಅಭ್ಯಾಸಬಲದಿಂದ ಬಾಯಿ ತೆರೆದವನು ಅಲ್ಲೇ ಮುಚ್ಚಿದೆ.

"ಅದಕ್ಕೆ ಬೊಂಬೆ ಬ್ಯಾಡ" ಅಂದ ಮಂಜ, ಲೋಟ ಕೆಳಗಿಡುತ್ತಾ. "ನಿಂದೇ ಒಂದು ಫೋಟೋ ದೊಡ್ದು ಮಾಡ್ಸಿ ಕಟ್ಟೋಣ ಬುಡು."

ಇದು ತಮಾಷೆಯೋ, ಒಂಬತ್ತು ಪೈಲ್ವಾನರು ಹೋದ ಕೋಪವನ್ನೆಲ್ಲ ಒಂದೇ ಮಾತಲ್ಲಿ ತೀರಿಸಿದ್ದೋ, ಅವನ ಮುಖ ನೋಡಿದರೆ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಅವನು ಬೋಳನನ್ನೂ ಕೆಂಚನನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ಸಂಜೆ ಬಸ್ಸಿಗೆ ಹೊರಟುಹೋದ. ನಾಲ್ಕು ದಿನವಾಯಿತು, ನಾನು ಒಳಗೂ ಹೊರಗೂ ತಿರುಗುತ್ತಲೇ ಇದ್ದೇನೆ. "ನಿಮ್ ತಮ್ಮ ತಮಾಷೆಗೆ ಹೇಳಿರ್ತಾರೆ ಕಣ್ರೀ, ಒಂದ್ಕಡೆ ಕೂತ್ಕೊಳ್ಳಿ" ಎನ್ನುತ್ತಾಳೆ ಪುಟ್ಟಮ್ಮ. ಇರಬಹುದು. ಆದರೂ ತಮ್ಮ ಅಪರೂಪಕ್ಕೆ ಒಂದು ಕೇಳಿದ್ದಾನೆ, ಈ ಸಲವಾದರೂ ಇಲ್ಲ ಅನ್ನಬಾರದು. ಅದಕ್ಕೇ ಮೀಸೆ ಕತ್ತರಿಸುವುದು ಬಿಟ್ಟಿದ್ದೇನೆ, ದಿನಕ್ಕೆರಡು ಸಲ ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕುವುದನ್ನು ಕಲಿಯುತ್ತಿದ್ದೇನೆ.