ಬೆಂಕಿ ಕಾಣದ ಉಪ್ಪಿಟ್ಟು

ಟಿಂಗ್. ಎರಡು ಸಾವಿರ ಇಸವಿಯ ಆಸುಪಾಸಿನ ದಿನಗಳನ್ನು ನೆನೆದರೆ ನನ್ನ ಕಿವಿಗೆ ಮೊದಲು ಬೀಳುವುದು ಈ ಸದ್ದು. ಬೇರೆಯವರಿಗೆ ಕೋಗಿಲೆಯೋ ಎತ್ತಿನ ಗಂಟೆಯೋ ನೆನಪಾಗುತ್ತದಂತೆ. ನನಗೆ ಕೆ.ಆರ್. ನಗರದ ನಮ್ಮ ಅಡುಗೆಮನೆಯ ಮೈಕ್ರೋವೇವ್. ಹೌ ಅನ್‌ರೊಮ್ಯಾಂಟಿಕ್, ಎಂದು ಕಾನ್ವೆಂಟಿನ ನಮ್ಮ ಸಿಸ್ಟರ್ ಇದ್ದಿದ್ದರೆ ಮೂಗು ಮುರಿಯುತ್ತಿದ್ದರು.

ರಿಟೈರ್ ಆದ ಹುಮ್ಮಸ್ಸಿನಲ್ಲಿ ನಮ್ಮ ಯಜಮಾನರು ಅದನ್ನು ಮೈಸೂರಿನಿಂದ ತಂದಾಗ ಬೀದಿಯವರೆಲ್ಲ ನೋಡಲು ಬಂದರು. ಎದುರು ಮನೆಯ ನನ್ನ ಓರಗಿತ್ತಿ ನಿಂಗಾಜಮ್ಮಕ್ಕ ಮಾತ್ರ ಅಡುಗೆಮನೆಯ ಹೊಸಿಲು ದಾಟಲಿಲ್ಲ. “ಅದ್ರಿಂದ ಕ್ಯಾನ್ಸರ್ ಬತ್ತದಂತೆ ಕಣವ್ವ, ಆಚೆಗೆ ಎಸಿ” ಎಂದರು. ಇದನ್ನು ಹೇಳಿದವರಿಗೆ ಸಕ್ಕರೆ ಕಾಯಿಲೆ. ಆದರೂ ಶನಿವಾರ ತಿಮ್ಮಪ್ಪನ ಹೆಸರಲ್ಲಿ ಒಪ್ಪತ್ತು. ಸಂಜೆ ದೀಪ ಹಚ್ಚುವವರೆಗೆ ಬೆಂಕಿ ಕಂಡ ಪದಾರ್ಥ ಬಾಯಿಗಿಡುವಂತಿಲ್ಲ. ಸಕ್ಕರೆ ಇಳಿಸುವ ಗುಳಿಗೆಯನ್ನು ಮಾತ್ರ ತಪ್ಪದೆ ನುಂಗಿ, ಒಮ್ಮೆ ಖಾಲಿ ಹೊಟ್ಟೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಸಿದುಬಿದ್ದಿದ್ದರು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಕ್ಕನಿಗೆ ತಿಳಿಸಿದರೆ, “ತಿಮ್ಮಪ್ಪಂಗೂ ಚೀಟಿ ಬರ್‍ದು ಕೊಟ್ಟವ್ರಾ ನಿನ್ ಡಾಕುಟ್ರು?” ಎಂದರು.

ಕ್ಯಾನ್ಸರಿನ ಭಯವನ್ನಾದರೂ ಬಿಡಿಸೋಣವೆಂದು ಒಂದು ಶನಿವಾರ ಕೂರಿಸಿಕೊಂಡು ಲೆಕ್ಚರ್ ಕೊಟ್ಟೆ. ಇದರೊಳಗಿನ ಅಲೆಗಳು ರೇಡಿಯೋ, ಮೊಬೈಲ್ ಫೋನಿನ ಅಲೆಗಳ ಬಳಗದವೇ ಅಕ್ಕ. ಎಕ್ಸ್‌ರೇಯಷ್ಟು ಜೋರಿನವಲ್ಲ. ಪದಾರ್ಥದೊಳಗಿನ ನೀರನ್ನು ಕುಲುಕಾಡಿಸಿ ಬಿಸಿ ಮಾಡುತ್ತವೆ, ಅಷ್ಟೆ. ಬಾಗಿಲಿನ ಜಾಲರಿಯ ತೂತು ಅಲೆಗಿಂತ ತೀರಾ ಸಣ್ಣದು, ಹೊರಗೆ ನುಸುಳುವಂತಿಲ್ಲ. ಬಾಗಿಲು ತೆರೆದರೆ ಎಲ್ಲ ನಿಂತೇಹೋಗುತ್ತದೆ. ಇಷ್ಟನ್ನು ಗೋಡೆಗೆ ಒರಗಿ, ಪೆಟ್ಟಿಗೆಯಿಂದ ಸಾಧ್ಯವಾದಷ್ಟು ದೂರ ನಿಂತು ಹೇಳಿದೆ. ಸೇಫ್ಟಿ ಫಸ್ಟ್.

ಅಕ್ಕ ಕೂತಲ್ಲಿಂದಲೇ ಕತ್ತು ಚಾಚಿ ಪೆಟ್ಟಿಗೆಯೊಳಗೆ ಇಣುಕಿದರು.

“ಅಂಗಾರೆ ಇದ್ರೊಳಗೆ ಬೆಂಕಿ ಇಲ್ಲ?”

“ಒಂದು ಕಿಡಿಯೂ ಇಲ್ಲ ಅಕ್ಕ.”

“ಬೆಂಕಿ ಕಾಣ್ದಿದ್ ಮ್ಯಾಲೆ ಒಪ್ಪತ್ತು ಕೆಡಾಕಿಲ್ಲ. ಒಸಿ ಉಪ್ಪಿಟ್ಟು ಮಾಡು.”

ನನ್ನ ಇಡೀ ವಿಜ್ಞಾನ ತಿಮ್ಮಪ್ಪನ ಸೇವೆಗೆ ಹೀಗೆ ಸೇರಿಕೊಂಡಿತು. ಪಿಂಗಾಣಿ ಬಟ್ಟಲಿನಲ್ಲಿ ಹಸಿ ರವೆ, ನೀರು, ಎಣ್ಣೆ, ಮೆಣಸಿನಕಾಯಿ. ಮುದ್ದೆಯಂತಾದ ಅದನ್ನು ಅಕ್ಕ ತೃಪ್ತಿಯಿಂದ ತಿಂದರು. ವಿಷಯ ಹಬ್ಬಿ, ಬೀದಿಯ ಒಪ್ಪತ್ತಿನವರೆಲ್ಲ ಬಟ್ಟಲು ಹಿಡಿದು ಬರತೊಡಗಿದರು. ಯಾರೋ ಒಳಗೆ ಸ್ಟೀಲ್ ಚಮಚ ಮರೆತು ಚಟಚಟ ಕಿಡಿ ಹಾರಿದ ದಿನ ಮಾತ್ರ ಅಕ್ಕ ತಟ್ಟೆ ಸರಿಸಿ, “ಇದು ಬೆಂಕಿ ಕಂಡ್ಬುಡ್ತು, ನಂಗ್ಬ್ಯಾಡ” ಎಂದು ಎದ್ದರು. ಬೇರೆ ಬಟ್ಟಲಿಟ್ಟು ಮತ್ತೆ ಮಾಡಿದ ಮೇಲೇ ತಿಂದದ್ದು. ಅಂತೂ ಶನಿವಾರಗಳಲ್ಲಿ ಅಕ್ಕ ಕುಸಿಯುವುದು ನಿಂತಿತು. ಹಳ್ಳಿ ಹೆಂಗಸನ್ನು ಫಿಸಿಕ್ಸ್ ಹೇಳಿ ಒಪ್ಪಿಸಿದೆನೆಂದು ನಾನು ಯಜಮಾನರ ಮುಂದೆ ವರ್ಷಗಟ್ಟಲೆ ಬೀಗಿದೆ. ಅವರು ಪೇಪರ್ ಅಡ್ಡ ಹಿಡಿದು ನಗುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಅಕ್ಕನನ್ನು ನಾನು ಕಡೆಯದಾಗಿ ನೋಡಿದ್ದೂ ಒಂದು ಶನಿವಾರವೇ. ಸಂಜೆ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೊರಡುವವರಿದ್ದರು; ಅಲ್ಲಿಂದ ಅವರು ಮತ್ತೆ ಬರಲಿಲ್ಲ. ಅಂದು ಬೆಳಗಿನಿಂದ ಕರೆಂಟ್ ಇರಲಿಲ್ಲ. ಅಕ್ಕ ಗುಳಿಗೆ ನುಂಗಿಯೇ ಬಂದಿದ್ದರು, ಬಂದವರೇ ಗೋಡೆ ಹಿಡಿದು ಮಣೆಯ ಮೇಲೆ ಕೂತರು. ನಾನು ಗ್ಯಾಸ್ ಹಚ್ಚಿ ಬಾಣಲೆಯಿಟ್ಟೆ. ಅಕ್ಕ ಕೂತಿದ್ದ ಮಣೆಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು, ಅಲ್ಲೇನೋ ಮೆರವಣಿಗೆ ಹೋಗುತ್ತಿದೆಯೇನೋ ಎಂಬಂತೆ ನೋಡುತ್ತ ಕೂತರು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ತಟ್ಟೆ ಮುಂದಿಟ್ಟಾಗ ಮೆಲ್ಲಗೆ, “ನಾನೇನೂ ನೋಡ್ನಿಲ್ಲ ಕಣವ್ವ. ನೀನೂ ಏನೂ ಯೋಳ್ಬ್ಯಾಡ, ತಿಂತೀನಿ” ಎಂದರು.

ಜೀವಮಾನದಲ್ಲಿ ಅದೊಂದು ಸಲ ನಾನು ಲೆಕ್ಚರ್ ಕೊಡಲಿಲ್ಲ.