ಎಡಗೈ ಹೊಲಿಗೆಯ ಕೋಟಿನ ವಿಷಯವಾಗಿ

‘ಸೂಜಿ ಸಮರ’ ಟೀವಿ ಸ್ಪರ್ಧೆಯ ನಿರ್ದೇಶಕರಿಗೆ,

ಮಾನ್ಯರೇ,

ತಮಗೂ, ತಮ್ಮ ಹನ್ನೊಂದು ಕ್ಯಾಮೆರಾಗಳಿಗೂ, ಯಾರಾದರೂ ಕಣ್ಣು ಮಿಟುಕಿಸಿದರೆ ಸಾಕು ಅಳಲು ಶುರುಮಾಡುವ ತಮ್ಮ ಪಿಟೀಲಿಗೂ ಮೊದಲು ನನ್ನ ನಮಸ್ಕಾರಗಳು. ಕೊನೆಯ ಸುತ್ತಿನಲ್ಲಿ ಸೋತ ದರ್ಜಿ ನಾನು. ಗೆದ್ದವಳ ತಲೆಯ ಮೇಲೆ ಬಣ್ಣದ ಕಾಗದ ಉದುರುತ್ತಿದ್ದಾಗ ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದ ಕನ್ನಡಕದ ಹೆಂಗಸು.

ಮೂರು ಗಂಟೆಯೊಳಗೆ, ಎಲ್ಲರ ಕಣ್ಣೆದುರೇ, ಒಂದು ಕೋಟು ಹೊಲಿದು ಮುಗಿಸಬೇಕೆಂಬುದು ತಮ್ಮ ನಿಯಮ. ತಾವು ‘ಮನೆಮಗಳು’ ಎಂದು ಹೆಸರಿಟ್ಟು ಮುದ್ದು ಮಾಡಿದ ನನ್ನ ಎದುರಾಳಿ ಹುಡುಗಿ ಜಾಹೀರಾತಿನ ವಿರಾಮಕ್ಕೆ ಮುಂಚೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು, ವಿರಾಮ ಮುಗಿದಾಗ ಕೊನೆಯ ಗುಂಡಿ ಹಾಕುತ್ತಿದ್ದಳು. ಇಪ್ಪತ್ತಾರು ವರ್ಷ ಮಿಷನ್ ತುಳಿದ ನನಗೆ ಇಂಥದೊಂದು ವಿರಾಮ ಒಮ್ಮೆಯೂ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿದದ್ದು ನಿಜ.

ಆಮೇಲೆ ತಮ್ಮ ತೀರ್ಪುಗಾರರು ಆ ಕೋಟನ್ನು ನನ್ನ ಕೈಗಿಟ್ಟು, “ಹೊಲಿಗೆ ಅಂದ್ರೆ ಇದು. ನೋಡಿ ಕಲ್ತುಕೊಳ್ಳಿ” ಎಂದರು. ನೋಡಿದೆ. ಒಳಗಿನ ಕೈಹೊಲಿಗೆಯೆಲ್ಲ ಎಡಕ್ಕೆ ವಾಲಿತ್ತು. ನಾನು ಎಡಚಿ, ಸ್ವಾಮಿ. ನನ್ನ ಹೊಲಿಗೆ ಮಾತ್ರ ಹಾಗೆ ವಾಲುತ್ತದೆ. ಹಿಂದಿನ ತಿಂಗಳು ಗಿರಾಕಿಯೊಬ್ಬರು ತಂಗಿಗೆ ಬೇಕೆಂದು ಅಳತೆ ಚೀಟಿ ತಂದು ನನ್ನ ಅಂಗಡಿಯಲ್ಲಿ ಹೊಲಿಸಿಕೊಂಡು ಹೋದ ಕೋಟು ಅದು. ಆ ಅಣ್ಣ ಅದೇ ಹೊತ್ತಿಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಮ್ಮ ಬೆನ್ನ ಹಿಂದೆಯೇ, ತಮ್ಮ ಸಿಬ್ಬಂದಿಯ ಸಾಲಿನಲ್ಲಿ ನಿಂತಿದ್ದರು.

ಇದು ನಾನೇ ಹೊಲಿದದ್ದೆಂದು ವೇದಿಕೆಯ ಮೇಲೇ ಹೇಳಿದೆ. ಪ್ರಸಾರದಲ್ಲಿ ಆ ಮಾತಿರಲಿಲ್ಲ. ಅದರ ಜಾಗದಲ್ಲಿ, ಹಿಂದಿನ ವಾರದ ಸುತ್ತಿನಲ್ಲಿ ಕಣ್ಣಿಗೆ ನೂಲಿನ ಎಳೆ ಬಿದ್ದಾಗ ನಾನು ಕಣ್ಣೊರೆಸಿಕೊಂಡ ದೃಶ್ಯವಿತ್ತು, ಜೊತೆಗೆ ಪಿಟೀಲು. ನಾನು ಸೋತದ್ದಕ್ಕೆ ಬೇಸರಪಡದ ನಮ್ಮ ಅತ್ತೆ, ಅಷ್ಟು ಜನರೆದುರು ನಾನು ಕಣ್ಣೀರು ಹಾಕಿದೆನಲ್ಲ ಎಂದು ಎರಡು ದಿನ ಮಾತು ಬಿಟ್ಟರು. ಹಳೆಯ ಗಿರಾಕಿಯೊಬ್ಬರು, ಕತ್ತರಿ ಹಾಕದ ಬಟ್ಟೆಯನ್ನು ಸದ್ದಿಲ್ಲದೆ ವಾಪಸು ಒಯ್ದರು.

ನನ್ನ ದೂರಿಗೆ ತಾವು ಕೂಡಲೇ ತನಿಖಾಧಿಕಾರಿಯನ್ನು ನೇಮಿಸಿದ್ದಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಹೆಡ್‌ಫೋನಿನ ಅದೇ ಅಣ್ಣನೇ ಅಧಿಕಾರಿಯಾಗಿ, ಕೋಟು ನನ್ನದೆಂಬುದಕ್ಕೆ ಅಳತೆ ಚೀಟಿ ಇದೆಯೇ ಎಂದು ಕೇಳಿ ಬರೆದರು. ಅದನ್ನು ಕೋಟಿನ ಜೊತೆಗೆ ಅವರೇ ಒಯ್ದಿದ್ದರು.

ಮೊದಲ ಸ್ಥಾನವನ್ನೂ ಎರಡನೆಯದನ್ನೂ ಒಂದೇ ಕೈಗೆ ಕೊಟ್ಟ ತಮ್ಮ ಉದಾರತೆಗೆ ನಾನು ಚಿರಋಣಿ. ಆದ್ದರಿಂದ ಗೆದ್ದ ನಾನು ಸೋತ ನನ್ನನ್ನು ತಬ್ಬಿಕೊಂಡು ಸಂತೈಸುವ ದೃಶ್ಯವನ್ನು ದಯವಿಟ್ಟು ಚಿತ್ರೀಕರಿಸಬೇಕು; ಸಾಧ್ಯವಾದರೆ ಆ ಜಾಹೀರಾತಿನ ವಿರಾಮವನ್ನು ವಾರಕ್ಕೊಮ್ಮೆ ನನ್ನ ಅಂಗಡಿಗೂ ಕಳಿಸಿಕೊಡಬೇಕು.

ಕಳೆದ ಸೋಮವಾರ ಆ ಹುಡುಗಿ ಅಂಗಡಿಗೆ ಬಂದಳು. ಬಾಗಿಲಲ್ಲೇ ನಿಂತು, “ಅಕ್ಕಾ, ಯಾರು ಹೊಲಿದಿದ್ದು ಅಂತ ನಂಗೆ ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಕೇಳ್ಬೇಕಿತ್ತು” ಎಂದಳು. ಬೈಯಲೆಂದು ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಪಕ್ಕಕ್ಕಿಟ್ಟು, ಒಳಗೆ ಬಾ ಎಂದೆ. ಅತ್ತೆ ಸ್ಟೂಲು ಎಳೆದು ಅವಳನ್ನು ಕೂರಿಸಿದರು. ಅವಳು ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದ ಎರಡು ಪುಟ ಈ ಪತ್ರದ ಜೊತೆಗಿವೆ. ಪ್ರತಿಗಳು ಪತ್ರಿಕೆಗಳಿಗೂ ಹೋಗಿವೆ. ತಮ್ಮ ಮುಂದಿನ ತನಿಖೆಗೆ ಶ್ರಮ ಕಡಿಮೆಯಾಗಲಿ ಎಂಬುದಷ್ಟೇ ನನ್ನ ಉದ್ದೇಶ.

ಇಂದಿಗೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಎಡಗೈ ದರ್ಜಿ

ತಾ.ಕ.: ಮುಂದಿನ ಸರಣಿಗೆ ಆ ಹುಡುಗಿಯನ್ನೇ ತೀರ್ಪುಗಾರ್ತಿಯಾಗಿ ಗೊತ್ತುಮಾಡಿದ್ದೀರೆಂದು ಕೇಳಿ ಸಂತೋಷವಾಯಿತು. ಆ ಸೋಮವಾರದಿಂದ ಅವಳು ದಿನಾ ನನ್ನಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ, ಕೈ ಚುರುಕು. ಆದರೆ ಈಗಿನ್ನೂ ಗುಂಡಿಯ ಕಾಜಾ ಹೊಲಿಯುವಲ್ಲಿಗೆ ಬಂದಿದ್ದಾಳೆ, ತೋಳು ಜೋಡಿಸಿದರೆ ಹಿಂದುಮುಂದಾಗುತ್ತದೆ. ಚಿತ್ರೀಕರಣವನ್ನು ಒಂದೆರಡು ತಿಂಗಳು ಮುಂದೂಡಿ. ತಮ್ಮ ಹಳೆಯ ತೀರ್ಪುಗಾರರನ್ನೂ ಕಳಿಸುವುದಾದರೆ, ಇನ್ನೊಂದು ಮಿಷನ್ ಖಾಲಿ ಇದೆ.