ಮುದ್ದೆಗೆ ಇನ್ನೊಂದು ಟೇಕ್

ಬೇಲೂರು ಸೀಮೆಯಲ್ಲಿ ಮದುವೆ ವಿಡಿಯೋ ತೆಗೆಯುವವರು ಬಹಳ ಜನ ಇದ್ದಾರೆ. ಕಲಾವಿದ ಮಾತ್ರ ನಾನೊಬ್ಬನೇ. ಇದು ನನ್ನ ಸ್ವಂತ ಅಭಿಪ್ರಾಯ. ಹಾಗಾಗಿ ಚುನಾವಣೆಗೆ ನಿಂತ ಸಾಹೇಬರು ತಮ್ಮ ಸರಳ ಸಂಸಾರದ ಸಾಕ್ಷ್ಯಚಿತ್ರಕ್ಕೆ ನನ್ನನ್ನೇ ಕರೆಸಿದಾಗ ಆಶ್ಚರ್ಯವಾಗಲಿಲ್ಲ.

"ಚೆನ್ನಾಗಿ ಬಂದ್ರೆ ನನ್ನ ಮಗಳ ಮದುವೆ ವಿಡಿಯೋನೂ ನಿಮ್ದೇ ಕಣ್ರೀ," ಎಂದರು.

ಆ ಮದುವೆಗೆ ಉಡುವ ಸೀರೆಯನ್ನು ನನ್ನ ಹೆಂಡತಿ ಸುಧಾ ಅಂದೇ ಆರಿಸಿಟ್ಟಳು.

ಮೊದಲ ದೃಶ್ಯ ಹುಲಿಕೆರೆಯ ಬಡ ರೈತ ಮಹಿಳೆ ನಿಂಗಮ್ಮನವರ ಜಗಲಿಯಲ್ಲಿ. ಚಾಪೆಯ ಮೇಲೆ ಸಾಹೇಬರು, ಅವರ ಹೆಂಡತಿ, ವಯಸ್ಸಾದ ತಾಯಿ. ಎಲೆಯಲ್ಲಿ ಬಿಸಿ ರಾಗಿಮುದ್ದೆ, ಹುರುಳಿಕಾಳಿನ ಸಾರು. ನಾನು "ಆಕ್ಷನ್" ಎಂದೆ. ಸಾಹೇಬರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡು ಚೆನ್ನಾಗಿ ಅಗಿದರು.

ನೋಡಲು ಸೇರಿದ್ದ ಊರಿನವರು ಮುಖ ಮುಖ ನೋಡಿಕೊಂಡರು. ನಮ್ಮ ಕಡೆ ಯಾರಾದರೂ ಮುದ್ದೆ ಅಗಿದರೆ, ಅವರು ಯಾವ ದೇಶದವರೆಂದು ಕೇಳುತ್ತಾರೆ.

"ಅಗೀಬ್ಯಾಡಿ ಸ್ವಾಮಿ, ನುಂಗಿ," ಎಂದರು ನಿಂಗಮ್ಮ.

"ಇವ್ನಿಗೆಲ್ಲಿ ಬತ್ತೈತೆ? ಮನೇಲಿ ದಿನಾ ಚಪಾತಿನೇ ಕಣವ್ವ. ಮುದ್ದೆ ಐದು ವರ್ಸಕ್ಕೊಂದ್ಸಲ," ಎಂದು ತಾಯಿ ಕ್ಯಾಮೆರಾವನ್ನೇ ನೋಡುತ್ತ ಹೇಳಿದರು.

ಕಲಾವಿದ ಸೋಲೊಪ್ಪುವುದುಂಟೆ? "ಇನ್ನೊಂದು ಟೇಕ್, ಸರ್," ಎಂದೆ. ಎರಡನೇ ಮುದ್ದೆಯನ್ನು ನುಂಗಿದರು, ಕಣ್ಣಲ್ಲಿ ನೀರು ಬಂತು. ಮೂರನೆಯದರಲ್ಲಿ ಅವರ ಹೆಂಡತಿ ತಂಪು ಕನ್ನಡಕ ತೆಗೆಯಲು ಮರೆತಿದ್ದರು. ನಾಲ್ಕನೆಯದನ್ನು ಹುಟ್ಟಾ ರೈತನಂತೆ ಇಳಿಸಿದರು. ನಾನು ರೆಕಾರ್ಡ್ ಗುಂಡಿಯನ್ನೇ ಒತ್ತಿರಲಿಲ್ಲ! ಐದನೇ ಮುದ್ದೆ ಪಕ್ಕದ ಮನೆಯಿಂದ ಬಂತು.

ಅಲ್ಲಿಂದ ನೇರ ಹಳೇಬೀಡಿನ ಸಭೆಗೆ ಹೋದೆವು. ಇಬ್ಬರು ಸೇರಿ ಸಾಹೇಬರನ್ನು ವೇದಿಕೆ ಹತ್ತಿಸಿದರು. "ಬಂಧುಗಳೇ," ಎಂದರು. ಆಮೇಲೆ ಬಂದದ್ದು ತೇಗು. ಮತ್ತೆ "ಬಂಧುಗಳೇ", ಮತ್ತೆ ತೇಗು. ಅಷ್ಟಕ್ಕೇ ಭಾಷಣ ಮುಗಿಯಿತು. ಮದುವೆ ವಿಡಿಯೋ ಕೈತಪ್ಪಿತು ಎಂದುಕೊಂಡೆ.

ಯಾರೋ ಒಬ್ಬ ಆ ತೇಗನ್ನು ಮೊಬೈಲಿನಲ್ಲಿ ಹಿಡಿದು ಊರೂರಿಗೆ ಹರಿಯಬಿಟ್ಟ. "ಬಡವರ ಮನೇಲಿ ಹೊಟ್ಟೆ ತುಂಬಾ ಉಂಡವ್ರೆ ಕಣ್ಲಾ," ಎಂದು ಜನ ಮೆಚ್ಚಿಕೊಂಡರು. ಸಾಹೇಬರು ಗೆದ್ದರು. ನನ್ನ ಸಾಕ್ಷ್ಯಚಿತ್ರವನ್ನು ಪೂರ್ತಿ ನೋಡಿದ್ದು ನಾನೊಬ್ಬನೇ, ಸುಧಾ ಅರ್ಧಕ್ಕೇ ನಿದ್ದೆ ಹೋದಳು.

ಮಗಳ ಮದುವೆ ವಿಡಿಯೋ ಆ ಮೊಬೈಲಿನವನ ಪಾಲಾಯಿತು. ನಮಗೆ ಅರಸೀಕೆರೆಯ ಛತ್ರದಲ್ಲಿ ಊಟಕ್ಕೆ ಕರೆ ಬಂತು. ಸುಧಾ ಅದೇ ಸೀರೆ ಉಟ್ಟು ಬಂದಳು. ಪಂಕ್ತಿಯಲ್ಲಿ ಕುಳಿತಿದ್ದಾಗ ಸಾಹೇಬರೇ ನನ್ನ ಎಲೆಯ ಮುಂದೆ ಬಂದು ನಿಂತು, ಹೋಳಿಗೆ ಬಡಿಸುವವನನ್ನು ಕೂಗಿದರು.

"ಇವ್ರಿಗೆ ಇನ್ನೊಂದು ಟೇಕ್ ಹಾಕಪ್ಪ."

ಗೆದ್ದವರು ಉಪಚಾರಕ್ಕೆ ನಿಂತರೆ ಬೇಡ ಎನ್ನುವುದು ಹೇಗೆ? ಐದನೇ ಹೋಳಿಗೆಯ ಹೊತ್ತಿಗೆ ನನಗೆ ಏಳಲಾಗಲಿಲ್ಲ. ಸುಧಾ ರಟ್ಟೆ ಹಿಡಿದು ಎಬ್ಬಿಸಿದಾಗ ನನಗೂ ತೇಗು ಬಂತು.

ಮೊಬೈಲಿನವನು ಅದನ್ನೂ ಹಿಡಿದ. ಒಂದೇ ಟೇಕಿನಲ್ಲಿ.